ಲಕ್ಷ್ಮೇಶ್ವರದ ಬೋರ್ಡೂ ಬೆಟಗೇರಿಯ ಜರ್ಮನ್ನೂ

ಮಾತು ಮನುಷ್ಯರನ್ನು ಒಬ್ಬರಿಗೊಬ್ಬರು ಹತ್ತಿರ ತರುತ್ತದೆ ಎಂದು ದೊಡ್ಡವರೆಲ್ಲ ಹೇಳುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ನಮ್ಮ ಕಾಕಾನ ಮಗ್ಗುಲಿಗೆ ಕೂತು ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಬಸ್ಸಿನಲ್ಲಿ ಬಂದವರಲ್ಲ.

ಕಾಕಾ ನಿವೃತ್ತನಾದ ಮೇಲೆ ಯುರೋಪನ್ನು ಕೈಗೆತ್ತಿಕೊಂಡ. ಹೋಗಲಿಲ್ಲ, ಮೊಬೈಲಿನಲ್ಲಿ ಅಲ್ಲಿನ ಭಾಷೆಗಳನ್ನು ಕಲಿಯತೊಡಗಿದ. ಯಾವುದರಲ್ಲೂ ಒಂದು ಲೋಟ ನೀರು ಕೇಳುವಷ್ಟು ಬರಲಿಲ್ಲ. ಆದರೆ ಅವೇ ಅಕ್ಷರಗಳ ಪದ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ ಕೊಡುವ ಸಂಗತಿ ಅವನ ತಲೆಗೆ ಹತ್ತಿತು, ಇಳಿಯಲಿಲ್ಲ. ಇಂಗ್ಲಿಷರು ನರಕವೆಂದು ಓದುವ ಅಕ್ಷರಗಳನ್ನೇ ಜರ್ಮನರು ಬೆಳಕಾಗಿದೆ ಎನ್ನುವುದಕ್ಕೆ ಬಳಸುತ್ತಾರಂತೆ. ಗದಗದ ಬಟ್ಟೆ ವ್ಯಾಪಾರಿಯೊಬ್ಬರು ಹಬ್ಬಕ್ಕೆ ಇಂಗ್ಲಿಷಿನಲ್ಲಿ ‘ಸೇಲ್’ ಎಂದು ಬ್ಯಾನರ್ ಕಟ್ಟಿದಾಗ, ಫ್ರೆಂಚರು ಅದನ್ನು ‘ಹೊಲಸು’ ಎಂದು ಓದುತ್ತಾರೆಂದು ಸ್ವತಃ ಹೋಗಿ ತಿಳಿಸಿ ಬಂದ. ವ್ಯಾಪಾರಿ ಬ್ಯಾನರ್ ಇಳಿಸಲಿಲ್ಲ. ಕಾಕಾನಿಗೆ ಚಹಾ ತರಿಸುವುದನ್ನು ನಿಲ್ಲಿಸಿದರು.

ಇಂಥವನನ್ನು ನನ್ನ ಹೆಂಡತಿಯ ಹೊಸ ಅಂಗಡಿಯ ಪೂಜೆಗೆ ಕರೆಯದೆ ಬಿಡುವ ಹಾಗಿರಲಿಲ್ಲ, ಮನೆಗೆ ಹಿರಿಯ. ಲಕ್ಷ್ಮೇಶ್ವರದ ಬಜಾರಿನಲ್ಲಿ ಅವಳು ಬಹಳ ಆಸೆಪಟ್ಟು ಹಿಡಿದ ಮಳಿಗೆ ಅದು. ಗಡಿಯಾರ, ಫೋಟೋ ಫ್ರೇಮು, ಗೊಂಬೆ, ಕೂಸಿನ ಗಿಲಕಿ. ಅಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಕಾಯಿ ಒಡೆದು ಬೋಣಿಗೆ, ಅಂದರೆ ಮೊದಲ ವ್ಯಾಪಾರ, ಮುಗಿಯಬೇಕು. ಮೊದಲ ಗಿರಾಕಿ ಬರಿಗೈಯಲ್ಲಿ ಹೊರಳಿ ಹೋದರೆ ಅಂಗಡಿಗೆ ಏಳಿಗೆ ಇಲ್ಲವೆಂದು ನಮ್ಮ ಕಡೆ ನಂಬಿಕೆ. ಈ ವಿಷಯದಲ್ಲಿ ದೈವವನ್ನು ನೆಚ್ಚಿ ಕೂರದ ಅವ್ವ, ಬೆಳ್ಳಟ್ಟಿಯ ಗೆಳತಿಯನ್ನು ಮೊಮ್ಮಗಳಿಗೆ ಏನಾದರೂ ಕೊಳ್ಳಲೆಂದು ಮೊದಲೇ ಹೇಳಿ ಕರೆಸಿದ್ದಳು.

ಬೋರ್ಡಿನ ಮೇಲಿನ ಬಟ್ಟೆ ಸರಿಯಿತು. ಇಂಗ್ಲಿಷಿನಲ್ಲಿ ದೊಡ್ಡದಾಗಿ ‘ಗಿಫ್ಟ್’. ಬೆಳ್ಳಟ್ಟಿಯ ಅಜ್ಜಿ ಮೆಟ್ಟಿಲ ಮೇಲೆ ಬಲಗಾಲಿಟ್ಟರು. ಕಾಕಾ ಚಷ್ಮಾ ಏರಿಸಿಕೊಂಡ.

“ಜರ್ಮನ್‌ದಾಗ ಇದಕ್ಕ ವಿಷ ಅಂತಾರ.”

ಬಲಗಾಲು ಹಿಂದಕ್ಕೆ ಬಂತು.

“ಕೂಸಿಗೆ ಒಯ್ಯಾಕ ಬಂದೀನಿ ಯವ್ವಾ,” ಅಂದರು ಅಜ್ಜಿ. “ಇಂಥಾ ಮಾತು ಕಿವ್ಯಾಗ ಬಿದ್ದಮ್ಯಾಲ ಹೆಂಗ ಒಳಗ ಬರ್ಲಿ?”

“ಕಾಕಾರ, ಯಾವ ಜರ್ಮನ್ನವ ಇಲ್ಲಿಗೆ ಗಿಲಕಿ ತಗೊಳ್ಳಾಕ ಬರ್ತಾನ್ರಿ?” ಹೆಂಡತಿ ಕೇಳಿದಳು.

ಕಾಕಾನಿಗೂ ಅನಾಹುತದ ಅರಿವಾಯಿತು. “ಗಾಬರಿ ಆಗಬ್ಯಾಡ್ರಿ, ಸ್ವೀಡನ್ ನೋಡೂಣು,” ಎಂದು ಮೊಬೈಲು ತೆಗೆದ. “ಅಲ್ಲೂ ವಿಷಾನ... ತಡೀರಿ, ತಡೀರಿ! ಲಗ್ನ ಆದವರಿಗೂ ಇದನ್ನ ಅಂತಾರ.”

“ಎರಡಕ್ಕೂ ಒಂದ ಮಾತಾ?” ಅಜ್ಜಿ ಕೇಳಿದರು.

“ಹೂಂ, ಒಂದ.”

ಅಜ್ಜಿ ಇನ್ನೊಂದು ಹೆಜ್ಜೆ ಸರಿದರು. ಕಾಕಾ ಡೆನ್ಮಾರ್ಕಿಗೆ ಬರುವಷ್ಟರಲ್ಲಿ ಪಕ್ಕದ ಚಪ್ಪಲಿ ಅಂಗಡಿಯ ಮುಂದಿದ್ದರು. ಡೆನ್ಮಾರ್ಕಿನಲ್ಲೂ ಅದೇ ಫಲಿತಾಂಶ. ಹೆಂಡತಿಯ ಕಣ್ಣು ತುಂಬಿದವು. ನಾನು ಗಂಡನಾದವನು ಮಾಡಬೇಕಾದ್ದನ್ನು ಮಾಡಿದೆ: ಅವ್ವನ ಮುಖ ನೋಡಿದೆ.

ಶುಭಕ್ಕೆ ಹೊರಟಾಗ ಕೆಟ್ಟ ಮಾತು ಬಿದ್ದರೆ ಕೂತು, ನೀರು ಕುಡಿದು, ಮೊದಲಿಂದ ಹೊರಡಬೇಕು. ಆಡಿದವರ ಬಾಯಿ ಸಿಹಿ ಮಾಡಬೇಕು. ಅವ್ವ ಪೂಜೆಯ ತಟ್ಟೆಯಿಂದ ಬೆಲ್ಲದ ಹೆಂಟೆ ಎತ್ತಿದಳು. ಹೋಳಿಗೆಯ ಹೂರಣಕ್ಕೆ ಸಾಲುವಂಥದ್ದು.

“ಬಾಯಿ ತಗಿ, ತಮ್ಮಾ.”

“ವೈನಿ, ನಾರ್ವೇದಾಗ ಒಂದೀಟ...”

“ನಾರ್ವೆ ಹಾಳಾಗಿ ಹೋಗ್ಲಿ. ತಗಿ.”

ಮೈದುನನ ಕೆನ್ನೆ ಉಬ್ಬಿತು. “ಕಡೀಬ್ಯಾಡ. ಕರಗೂತನಾ ಸುಮ್ನ ನಿಂದರು.”

ಉಳಿದವರೆಲ್ಲ ಚಪ್ಪಲಿ ಅಂಗಡಿಯಲ್ಲಿ ಸಾಲಾಗಿ ಕೂತು ನೀರು ಕುಡಿದೆವು. ಮಾಲೀಕರು ಅಭ್ಯಾಸಬಲದಿಂದ ನನ್ನ ಪಾದದ ಅಳತೆ ತೆಗೆದುಕೊಂಡರು. ಅಜ್ಜಿ ಮಾತ್ರ ಕಾಕಾನ ಕೆನ್ನೆಯಿಂದ ಕಣ್ಣು ಕೀಳಲಿಲ್ಲ.

“ಇನ್ನಾ ಐತಿ ಬಾಯಾಗ?”

“ಐತಿ, ಜಲ್ದಿ ಏಳ,” ಅಂದಳು ಅವ್ವ.

ಅಜ್ಜಿ ಸೆರಗು ಬಿಗಿದು ಎದ್ದರು. ಕಾಯಿ ಒಡೆಯಿತು. ಬಲಗಾಲು ಮತ್ತೆ ಮೆಟ್ಟಿಲೇರಿತು. ಕಾಕಾ ಏನನ್ನೋ ಹೇಳಲು ಬೆರಳೆತ್ತಿದ, ಅವ್ವ ನೋಡಿದಳು, ಬೆರಳು ಇಳಿಯಿತು.

ಅಜ್ಜಿ ಕೆಂಪು ಗಿಲಕಿಯೊಂದನ್ನು ಕೊಂಡರು. ಆಗ ಹತ್ತು ಗಂಟೆ ಇಪ್ಪತ್ತೈದು ನಿಮಿಷವಾಗಿತ್ತು.