ಪಂಕ್ತಿ ಎಂದರೆ ಸಾಲು

ಮಂಡ್ಯದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದಾಗ, ಖಾದಿ ತೊಟ್ಟ ಮುಖಂಡರೊಬ್ಬರನ್ನು ಮಳವಳ್ಳಿಯ ಹರಿಜನ ಕೇರಿಗೆ ಸಹಪಂಕ್ತಿ ಭೋಜನಕ್ಕೆ ಕರೆದೊಯ್ದಿದ್ದೆ. ಎಲ್ಲರೂ ಮುತ್ತುಗದ ಎಲೆಯ ಮುಂದೆ ಕೂತೆವು. ಮುದ್ದೆಯೂ ಬಿತ್ತು. ಮುಖಂಡರು ಮಾತ್ರ ಎದ್ದು ನಿಂತು, "ಪಂಕ್ತಿ ಎಂಬುದು ಸಂಸ್ಕೃತ ಪದ. ಹಾಗೆಂದರೆ ಸಾಲು. ಸಹ ಎಂದರೆ ಜೊತೆ..." ಎಂದು ಶುರುಮಾಡಿದರು. ಪದದ ಮೂಲ ಹುಡುಕುತ್ತಾ ಅವರು ವೇದಕಾಲಕ್ಕೆ ಹೋಗಿ ಬರುವಷ್ಟರಲ್ಲಿ ಮುದ್ದೆಯ ಹಬೆ ನಿಂತಿತ್ತು.

ಅಡುಗೆ ಮಾಡಿದ್ದ ಚೆನ್ನಮ್ಮ ತಡೆಯಲಾರದೆ, "ಅರ್ತ ಆಮ್ಯಾಕೆ ಯೋಳಿ ಬುದ್ದಿ, ಮುದ್ದೆ ಆರೋಯ್ತದೆ. ನೀವು ಉಂಡ್ರೇನೆ ನಮ್ ಕೈಯೂಟ ಉಣ್ಬೌದು ಅಂತ ಊರೋರು ಒಪ್ಪೋದು" ಎಂದಳು.

"ಇವತ್ತು ಏಕಾದಶಿ ಕಣಮ್ಮ, ನನಗೆ ಉಪವಾಸ. ಪಂಕ್ತಿಯಲ್ಲಿ ಕೂತರೆ ಸಾಕು" ಎಂದರು ಮುಖಂಡರು.

"ಅಂಗಾರೆ ನಾಳೆ ದ್ವಾದಸಿ ಅಲ್ವರಾ? ಇಲ್ಲೇ ಉಳ್ಕಳಿ. ಬೆಳಿಗ್ಗೆ ಬಿಸಿ ಮುದ್ದೆ ನಾನೇ ಇಕ್ತೀನಿ."

ಮುಖಂಡರಿಗೆ ತಕ್ಷಣ ಮಂಡ್ಯದಲ್ಲೊಂದು ತುರ್ತು ಸಭೆ ನೆನಪಾಯಿತು. "ಏಳಯ್ಯ, ಹೊರಡು" ಎಂದರು ನನಗೆ. ಆ ಕೇರಿಯಲ್ಲಿ ನನಗೂ ಅದೇ ಮೊದಲ ಊಟ; ಅಷ್ಟರಲ್ಲಿ ಮುದ್ದೆ ಮುರಿದಾಗಿತ್ತು. ಚೆನ್ನಮ್ಮ ಮುಖಂಡರ ಎಲೆಯ ಮುದ್ದೆಯನ್ನೂ ನನ್ನ ಎಲೆಗೆ ಹಾಕಿದಳು. ಅದನ್ನೂ ಉಂಡೇ ಎದ್ದೆ.

ಮಂಡ್ಯದಲ್ಲಿ ಸಭೆ ಎಲ್ಲಿ ಎಂದು ಕೇಳಿದರೆ, ಅವರು ತಮ್ಮ ಮನೆಯ ಮುಂದೆ ಇಳಿದರು. ಒಳಗಿನಿಂದ ಹುಳಿಯ ಒಗ್ಗರಣೆ ಘಮ್ಮೆಂದಿತು. ಏಕಾದಶಿಗೂ ಹಸಿವಾಗುತ್ತದೆ, ಪಾಪ.