ಅನ್ನದ ಇಲಿಗೆ ರೊಟ್ಟಿ ಹಾಕಿದವರು

ನಾನು ಅಧ್ಯಾಪಕನಾಗಿದ್ದ ಗದಗಿನ ಕಾಲೇಜಿನಲ್ಲಿ ಪ್ರಯೋಗಾಲಯದ ಜವಾನರೊಬ್ಬರು ಬಿಳಿ ಇಲಿಗಳನ್ನು ದಿನವೂ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. ಪ್ರತಿಯೊಂದಕ್ಕೂ, "ಮಿಸುಕಬ್ಯಾಡಪಾ, ದೇಶದ ಕೆಲಸ ಐತಿ" ಎಂದು ವಿನಯದಿಂದ ಹೇಳುತ್ತಿದ್ದರು.

ಅದು ನಾಡು ಒಂದಾಗುತ್ತಿದ್ದ ವರ್ಷ. ಗಿರಣಿಯ ನುಣುಪು ಅಕ್ಕಿ ಮೈಯನ್ನು ಸೊರಗಿಸುತ್ತದೆಂದು ಬೆಟಗೇರಿಯ ನೇಕಾರರಿಗೆ ಮನಗಾಣಿಸಲು ನಾನು ಪಣತೊಟ್ಟಿದ್ದೆ. ಪುರಾವೆಗೆಂದು ಎರಡು ತಿಂಗಳು ಒಂದು ಇಲಿಗೆ ಆ ಅಕ್ಕಿಯ ಅನ್ನವನ್ನಷ್ಟೇ, ಇನ್ನೊಂದಕ್ಕೆ ಜೋಳದ ರೊಟ್ಟಿಯನ್ನು ಹಾಕಿಸಿದ್ದೆ.

ತುಂಬಿದ ಸಭೆಯಲ್ಲಿ ಜವಾನರು "ಇದು ಅನ್ನದ್ದು, ಇದು ರೊಟ್ಟೀದು" ಎನ್ನುತ್ತ ಪಂಜರಗಳ ಮೇಲಿನ ಬಟ್ಟೆ ಸರಿಸಿದರು. ಅನ್ನದ ಇಲಿ ಕುಂಬಳಕಾಯಿಯಂತೆ ದುಂಡಗಿತ್ತು.

"ಮಾಸ್ತರ್ರ, ನಾಳಿಂದ ನಮಗೂ ಅನ್ನಾನ ಹಾಕಸ್ರಿ!" ಎಂದು ಮುಂದೆ ಕುಳಿತಿದ್ದ ಅಜ್ಜಿಯೊಬ್ಬಳು ಕೂಗಿದಳು. ಸಭೆ ಗೊಳ್ಳೆಂದು ನಕ್ಕಿತು. ನನ್ನ ವಾದ ನೆಲಕಚ್ಚಿತು.

ಜವಾನರು ಕೈಮುಗಿದು ನಿಂತರು. "ತಪ್ಪು ನಂದ್ರಿ. ಬರೇ ಅನ್ನಾ ತಿಂದು ಇದು ಎದ್ದು ನಿಲ್ಲಲಾರದಂಗ ಆಗಿತ್ರಿ. ನನಗ ಸಂಕಟಾತು. ದಿನಾ ನನ್ನ ಬುತ್ತ್ಯಾಗಿನ ಜೋಳದ ರೊಟ್ಟಿ ಹಾಕಿದ್ನಿ. ಹದಿನೈದ ದಿನದಾಗ ಹಿಂಗ ಆತು."

ಅಜ್ಜಿ ಹತ್ತಿರ ಬಂದು ಇಲಿಯನ್ನು ದಿಟ್ಟಿಸಿದಳು. "ಖರೇನ? ಹದಿನೈದ ದಿನದಾಗ?"

"ಖರೇನವ್ವಾ."

ಅಜ್ಜಿ ಸೊಸೆಯತ್ತ ತಿರುಗಿ, "ಏಳವಾ, ಜಲ್ದಿ ಮನಿಗೆ ಹೋಗಿ ರೊಟ್ಟಿ ಬಡಿಯೂಣು" ಎಂದಳು. ಅವರ ಹಿಂದೆಯೇ ಹೆಂಗಸರೆಲ್ಲ ಎದ್ದರು, ಅವರ ಹಿಂದೆ ಗಂಡಸರು. ನನ್ನ ಭಾಷಣ ಇನ್ನೂ ಆರಂಭವೇ ಆಗಿರಲಿಲ್ಲ.