ಅರ್ಧ ಮಾತ್ರೆಯ ಬಜೆಟ್

ಮನೆಖರ್ಚಿನ ಹಣ ಸಾಲದೆ ಹೋದಾಗ ಮೊದಲು ಸೊರಗುವುದು ಅಡುಗೆ ಮಾಡುವವಳ ತಟ್ಟೆ. ಇದನ್ನು ತಿಳಿಯಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಎಲ್ಲರೂ ಕೈ ತೊಳೆದ ಮೇಲೆ ಊಟಕ್ಕೆ ಕೂರುವವಳ ತಟ್ಟೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಆದರೆ ಆ ಹೊತ್ತಿಗೆ ನಾವು ತೇಗಿ ಎದ್ದು ಹೋಗಿರುತ್ತೇವೆ.

ಈ ಮನೆಯ ಯಜಮಾನನನ್ನು ಬೀದಿಯವರು ತೂಕದಣ್ಣ ಎನ್ನುತ್ತಾರೆ. ಗುಜರಿ ಕಬ್ಬಿಣ ಕೊಳ್ಳುವ ಯಾರ್ಡಿನಲ್ಲಿ ಲಾರಿ ತೂಗುವುದು ಅವನ ಕೆಲಸ. ಲಾರಿ ಬಂದು ನೆಲಮಟ್ಟದ ಉಕ್ಕಿನ ಹಲಗೆಯ ಮೇಲೆ ನಿಲ್ಲುತ್ತದೆ. ಗಾಜಿನ ಗೂಡಿನಲ್ಲಿ ಕೂತ ಅವನ ಮುಂದೆ ಕೆಂಪು ಅಂಕಿ ಮೂಡುತ್ತದೆ. ಅದರಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಉಳಿದದ್ದು ಮಾಲು. ದುಡ್ಡು ಮಾಲಿಗೆ ಮಾತ್ರ.

ತೂಕದಣ್ಣ ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಸಾಲ ಎಂದರೆ ಹಾವು ಕಂಡಂತೆ ಆಡುತ್ತಾನೆ. ಅವನ ಹೆಂಡತಿಯನ್ನು ನೋಡಿ ಅಕ್ಕಪಕ್ಕದ ಹೆಂಗಸರು ‘ಪುಣ್ಯ ಮಾಡಿದ್ದೆ ಕಣೆ’ ಎಂದು ನಿಟ್ಟುಸಿರು ಬಿಡುತ್ತಿದ್ದರು. ಅವಳೂ ಹೌದೆನ್ನುತ್ತಿದ್ದಳು. ಇಲ್ಲ ಎಂದರೆ ಯಾರು ನಂಬಬೇಕು?

ಅವರ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಬಾಡಿಗೆ, ಕರೆಂಟು, ಮಗಳ ಶಾಲೆ, ಅಮ್ಮನ ಔಷಧಿ, ಬೈಕಿನ ಪೆಟ್ರೋಲು, ವಿಮೆ, ಉಳಿತಾಯ, ಅಡುಗೆಮನೆ. ಒಂದು ಸಾಲಿನ ದುಡ್ಡು ಇನ್ನೊಂದು ಸಾಲಿಗೆ ಕಾಲಿಡಬಾರದು ಎಂಬುದು ಕಾನೂನು. ಯಾರಾದರೂ ಬೆಲೆ ಏರಿತು ಎಂದು ಗೊಣಗಿದರೆ ತೂಕದಣ್ಣ ಬೆರಳೆತ್ತಿ, ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುತ್ತಿದ್ದ. ಗಾದೆ ಸುಳ್ಳಲ್ಲ. ಆದರೆ ಆ ಹಾಸಿಗೆಯಲ್ಲಿ ಮಲಗಿದವರು ನಾಲ್ವರು, ಕಾಲು ಮಡಚಿಕೊಂಡವಳು ಒಬ್ಬಳೇ.

ಅಡುಗೆಮನೆಯ ಸಾಲಿನ ಅಂಕಿಯನ್ನು ಅವನು ಬರೆದಾಗ ಮಗಳು ಒಂದನೇ ಕ್ಲಾಸು. ಈಗ ಮಗಳು ಅಮ್ಮನ ಚಪ್ಪಲಿ ಹಾಕಿಕೊಂಡು ಓಡಾಡುತ್ತಾಳೆ. ಅಂಕಿ ಮಾತ್ರ ಅಲ್ಲಾಡಿಲ್ಲ. ಎಣ್ಣೆ ಏರಿತು, ಅವಳು ಒಗ್ಗರಣೆಗೆ ಚಮಚ ಬದಲಿಸಿದಳು. ಹಾಲು ಏರಿತು, ಅವಳಿಗೆ ಹಾಲಿಲ್ಲದ ಚಹಾವೇ ರುಚಿ ಎನಿಸತೊಡಗಿತು. ಸಿದ್ಧ ಉಡುಪಿನ ಅಂಗಡಿಯಿಂದ ಪ್ಯಾಂಟುಗಳನ್ನು ತಂದು ಕಾಲಿನ ಅಂಚು ಮಡಚಿ ಹೊಲಿದು ಕೊಟ್ಟಳು. ಆ ಕೂಲಿ ತರಕಾರಿಯವನ ಕೈ ಸೇರಿತು. ಹಾಳೆಯಲ್ಲಿ ಅದಕ್ಕೆ ಸಾಲಿರಲಿಲ್ಲ. ತಿಂಗಳ ಕೊನೆಗೆ ಎಲ್ಲ ಸರಿಹೋದದ್ದನ್ನು ನೋಡಿ ತೂಕದಣ್ಣ, ‘ನೋಡಿದ್ಯಾ, ಪ್ಲಾನ್ ಅಂದ್ರೆ ಇದು’ ಎಂದು ಮೀಸೆಯಡಿಯಲ್ಲಿ ನಗುತ್ತಿದ್ದ.

ಅವಳಿಗೆ ರಕ್ತದೊತ್ತಡ ಇದೆ ಎಂದು ಡಾಕ್ಟರು ಹೇಳಿದ ದಿನವೂ ಅವನು ಕೆಟ್ಟವನೇನಾಗಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ಬಂದ, ದಾರಿಯಲ್ಲಿ ಎಳನೀರು ಕುಡಿಸಿದ. ಮನೆಗೆ ಬಂದು ಹಾಳೆಯ ಮುಂದೆ ನಿಂತು ತಲೆ ಕೆರೆದುಕೊಂಡ.

“ಸಣ್ಣ ಮಾತ್ರೆ ತಾನೆ? ಅಡುಗೆಮನೆ ದುಡ್ಡಲ್ಲೇ ಸರಿದೂಗಿಸ್ಕೋ” ಎಂದ.

ಅವಳು ಸರಿದೂಗಿಸಿಕೊಂಡಳು. ಹೇಗೆಂದರೆ, ತರಕಾರಿ ಚಾಕುವಿನಿಂದ ಮಾತ್ರೆಯನ್ನು ನಡುವೆ ಸೀಳಿ. ಇವತ್ತು ಅರ್ಧ, ನಾಳೆ ಅರ್ಧ. ಮಾತ್ರೆ ಒಂದೊಂದು ಸಲ ಪುಡಿಯಾಗುತ್ತಿತ್ತು. ಆಗ ಬೆರಳು ಒದ್ದೆ ಮಾಡಿಕೊಂಡು ಪುಡಿಯನ್ನು ಒತ್ತಿ ನೆಕ್ಕುತ್ತಿದ್ದಳು. ಕ್ಲಿನಿಕ್ಕಿನ ನರ್ಸು ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ ಹುಬ್ಬು ಗಂಟಿಕ್ಕಿದಳು.

“ಮಾತ್ರೆ ತಪ್ಪಿಸ್ತಿಲ್ಲ ತಾನೆ? ಹೀಗೇ ಏರ್ತಾ ಹೋದ್ರೆ ಒಂದಿನ ಲಕ್ವ ಹೊಡೆದು ಕೈಕಾಲು ಬಿದ್ದುಹೋಗುತ್ತೆ ಅಷ್ಟೆ.”

“ದಿನಾ ತಗೋತೀನಿ” ಎಂದಳು. ಸುಳ್ಳೇನೂ ಅಲ್ಲ. ಎಷ್ಟು ಎಂದು ನರ್ಸು ಕೇಳಲಿಲ್ಲ. ಆದರೆ ಅಂದಿನಿಂದ ಬೆಳಿಗ್ಗೆ ಎದ್ದೊಡನೆ ಎರಡೂ ಕೈ ಎತ್ತಿ, ಎರಡೂ ಸಮನಾಗಿ ಏಳುತ್ತವೆಯೇ ಎಂದು ಕದ್ದು ನೋಡಿಕೊಳ್ಳುವುದು ಅವಳಿಗೆ ಅಭ್ಯಾಸವಾಯಿತು.

ಹೀಗಿರುವಾಗ ಒಂದು ಸಂಜೆ ತೂಕದಣ್ಣ ಕೆಂಡದಂತಾಗಿ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

“ಆ ಹಸಿರು ಲಾರಿಯವನು ನಮ್ಮ ತಲೆ ಮೇಲೆ ಕೈ ಇಟ್ಬಿಟ್ಟ ಕಣೆ! ಅವನ ಲಾರಿ ಖಾಲಿ ತೂಕ ಕಂಪ್ಯೂಟರ್‌ನಲ್ಲಿ ಯಾವ ಕಾಲದ್ದೋ ಹಾಗೇ ಕೂತಿದೆ. ಆಮೇಲೆ ಅವನು ಲಾರಿ ತಳಕ್ಕೆ ದಪ್ಪ ತಗಡು ಹೊಡೆಸಿದ್ದಾನೆ. ಪ್ರತಿ ಸಲ ಲಾರಿದೇ ಕಬ್ಬಿಣಕ್ಕೆ ನಾವು ದುಡ್ಡು ಎಣಿಸಿದ್ದೀವಿ!”

“ಖಾಲಿ ಲಾರಿ ಒಂದೇ ತೂಕ ಇರಲ್ವಾ?” ಎಂದಳು ಅವಳು, ನೀರಿನ ಲೋಟ ಕೊಡುತ್ತ.

“ಯಾವ ಪೆದ್ದ ಹಾಗಂದಿದ್ದು? ಟೈರ್ ಬದಲಾಗುತ್ತೆ, ತಗಡು ಬದಲಾಗುತ್ತೆ. ಆಗಾಗ ಹಲಗೆ ಮೇಲೆ ನಿಲ್ಲಿಸಿ ಹೊಸದಾಗಿ ತೂಗ್ಬೇಕು. ಹಳೇ ಅಂಕಿ ನಂಬ್ಕೊಂಡು ಕೂತವನು ಹಾಳಾಗಿ ಹೋಗ್ತಾನೆ.”

ಅವಳು ಒಳಗೆ ಹೋಗಿ ಒಲೆ ಹಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ಫ್ರಿಜ್ಜಿನ ಬಾಗಿಲ ಮುಂದೆ ನಿಂತಿದ್ದಳು.

ಆ ಭಾನುವಾರ ಅವನ ತಂಗಿ ಬಂದಳು. ಗಂಡ ಹೆಂಡತಿ ಇಬ್ಬರೂ ದುಡಿದರೂ ತಿಂಗಳ ನಡುವೆಯೇ ಕೈ ಬರಿದು. ಸೋಫಾದ ಕಂತು, ಫೋನಿನ ಕಂತು, ಕಂತು ಕಟ್ಟಲು ತಂದ ಸಾಲದ ಕಂತು. ಬಜೆಟ್ ಹಾಕುವುದನ್ನು ಅಣ್ಣನಿಂದ ಕಲಿಯಲು ಬಂದಿದ್ದಳು. ತೂಕದಣ್ಣನಿಗೆ ಅಷ್ಟು ಸಾಕಿತ್ತು. ಹಾಳೆಯನ್ನು ಫ್ರಿಜ್ಜಿನಿಂದ ಬಿಡಿಸಿ ಊಟದ ಮೇಜಿನ ಮೇಲೆ ಹರಡಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ಕುಟ್ಟುತ್ತ ಪಾಠ ಹೇಳಿದ. ತಂಗಿ ಅಂಗೈಯಲ್ಲಿ ಗಲ್ಲ ಇಟ್ಟು ಕೇಳಿದಳು. ಅಡುಗೆಮನೆಯ ಸಾಲು ಬಂದಾಗ ಗಲ್ಲ ಎತ್ತಿದಳು.

“ಇದು ವಾರಕ್ಕಾ ಅಣ್ಣ?”

“ತಿಂಗಳಿಗೆ. ಆರು ವರ್ಷದಿಂದ ಅಷ್ಟೇ!”

“ಸುಮ್ನಿರಣ್ಣ. ಇಷ್ಟರಲ್ಲಿ ನಮ್ಮನೆ ಬೆಕ್ಕೂ ಸಂಸಾರ ಮಾಡಲ್ಲ.”

“ನಿಮ್ಮನೆ ಬೆಕ್ಕು ಸೋಫಾ ಮೇಲೆ ಮಲಗುತ್ತೆ, ಅದಕ್ಕೇ. ಅಚ್ಚುಕಟ್ಟು ಬೇಕಮ್ಮ, ಅಚ್ಚುಕಟ್ಟು! ಬೇಕಾದ್ರೆ ನಿಮ್ಮತ್ತಿಗೇನ ಕೇಳು.”

ತಂಗಿ ಕೇಳಲು ತಿರುಗಿದಳು. ಅತ್ತಿಗೆ ಅಡುಗೆಕಟ್ಟೆಯ ಬಳಿ ಚಾಕು ಹಿಡಿದಿದ್ದಳು. ಚಾಕುವಿನ ಕೆಳಗೆ ತರಕಾರಿ ಇರಲಿಲ್ಲ. ಚಿಟಿಕೆಯಷ್ಟು ಬಿಳಿ ಮಾತ್ರೆ ಇತ್ತು. ‘ಟಕ್’ ಎಂದಿತು. ಅರ್ಧ ಬಾಯಿಗೆ ಹೋಯಿತು, ಅರ್ಧ ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ.

“ಡಾಕ್ಟ್ರು ಅರ್ಧ ಮಾಡಿದ್ರಾ ಅತ್ತಿಗೆ?”

“ಇಲ್ಲ. ನಿಮ್ಮಣ್ಣ.”

“ನಾನಾ?” ತೂಕದಣ್ಣ ಕುರ್ಚಿ ಸರಿಸಿ ಎದ್ದ. “ನಾನ್ಯಾವಾಗ ಹೇಳ್ದೆ?”

“ನೀವು ಹೇಳ್ಲಿಲ್ಲ. ನಿಮ್ಮ ಹಾಳೆ ಹೇಳ್ತು.” ಅವಳು ಕೈ ಒರೆಸಿಕೊಂಡು ಮೇಜಿನ ಬಳಿ ಬಂದಳು. ಧ್ವನಿ ಏರಿಸಲಿಲ್ಲ, ಒತ್ತಡ ಏರೀತೆಂಬ ಭಯ. “ಅಮ್ಮನ ಔಷಧಿಗೆ ಒಂದು ಸಾಲು, ನಿಮ್ಮ ಬೈಕಿಗೆ ಒಂದು ಸಾಲು. ನಾನೆಲ್ಲಿದ್ದೀನಿ ಇದರಲ್ಲಿ? ಎಣ್ಣೆ ಡಬ್ಬಿ ಪಕ್ಕದಲ್ಲಾ?”

“ಬಾಯಿ ಬಿಟ್ಟು ಕೇಳಿದ್ರೆ ಕೊಡ್ತಿರ್ಲಿಲ್ವಾ?”

“ಕೇಳ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ್ರಿ.”

ತಂಗಿ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಒಳಕೋಣೆಯಿಂದ ಅತ್ತೆಯ ಕೆಮ್ಮು ಕೇಳಿಸಿತು, ಆಮೇಲೆ ಮಾತು: “ನನ್ನ ಔಷಧಿ ಬಾಟ್ಲಿ ಮಾತ್ರ ಪೂರ್ತಿ ಬರುತ್ತಲ್ಲಪ್ಪ.”

“ಆ ಹಸಿರು ಲಾರಿ ಮೇಲೆ ಅಷ್ಟು ಕೂಗಾಡಿದ್ರಲ್ಲ,” ಎಂದಳು ಹೆಂಡತಿ. “ಹಳೇ ಅಂಕಿ ನಂಬ್ಕೊಂಡು ಕೂತವನು ಹಾಳಾಗ್ತಾನೆ ಅಂತ. ನನ್ನನ್ನ ಹಲಗೆ ಮೇಲೆ ನಿಲ್ಸಿ ತೂಗಿದ್ದು ಯಾವಾಗ್ರೀ?”

ಲಾರಿ ಚಾಲಕರ ಬಾಯಿ ಮುಚ್ಚಿಸುವ ತೂಕದಣ್ಣ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಕೊನೆಗೆ ಅವನ ಬಾಯಿಂದ ಬಂದದ್ದು ಲೆಕ್ಕವೇ.

“ಸರಿ, ಏರಿಸೋಣ. ಆದ್ರೆ ಎಲ್ಲಿಂದ ತೆಗೀಲಿ? ಎಲ್ಲಾ ಬಿಗಿ ಇದೆ.”

“ಉಳಿತಾಯದಿಂದ.”

“ಅದು ಕಷ್ಟಕಾಲಕ್ಕೆ ಅಂತ ಇಟ್ಟಿದ್ದು!”

“ಅತ್ತಿಗೆ ನೆಲಕ್ಕೆ ಬಿದ್ದ ಮೇಲೆ ಕಷ್ಟಕಾಲ ಶುರುವಾಗುತ್ತಾ ಅಣ್ಣ?” ಎಂದಳು ತಂಗಿ. “ಆಗ ಆಸ್ಪತ್ರೆಯವರು ನಿನ್ನ ಅಚ್ಚುಕಟ್ಟನ್ನ ಒಂದೇ ದಿನದಲ್ಲಿ ನುಂಗಿ ನೀರು ಕುಡೀತಾರೆ.”

ಅವನು ಉಳಿತಾಯ ಎಂದು ಆರು ವರ್ಷ ಬೀಗಿದ ಅಂಕಿಯನ್ನು ನೋಡುತ್ತಿದ್ದ. ಅದರಲ್ಲಿ ಎಷ್ಟು ಹಾಲು, ಎಷ್ಟು ಪ್ಯಾಂಟಿನ ಅಂಚು, ಎಷ್ಟು ಅರ್ಧ ಮಾತ್ರೆ ಸೇರಿಕೊಂಡಿದೆ ಎಂದು ಯಾವ ಹಲಗೆಯ ಮೇಲೆ ನಿಲ್ಲಿಸಿ ತೂಗುವುದು? ಹೆಂಡತಿ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಬಾಡಿಗೆಗಿಂತ ಮೇಲೆ, ಹಾಳೆಯ ನೆತ್ತಿಯಲ್ಲಿ ಖಾಲಿಯಿದ್ದ ಜಾಗದಲ್ಲಿ, ‘ನನ್ನ ಮಾತ್ರೆ’ ಎಂದು ಬರೆದಳು. ಅಡುಗೆಮನೆಯ ಅಂಕಿಯನ್ನು ಹೊಡೆದು, ಅಂಗಡಿಯ ಇವತ್ತಿನ ಬೆಲೆಗೆ ಹೊಸದು ಬರೆದಳು. ಉಳಿತಾಯದ ಸಾಲು ಅರ್ಧವಾಯಿತು. ಅರ್ಧ ಮಾಡುವುದರಲ್ಲಿ ಅವಳ ಕೈ ಪಳಗಿತ್ತು.

ತೂಕದಣ್ಣ ಬೈಕು ಹತ್ತಿ ಹೋಗಿ ಪೂರಾ ತಿಂಗಳ ಮಾತ್ರೆ ತಂದ. ಇದನ್ನು ಅವನ ಲೆಕ್ಕಕ್ಕೆ ಜಮಾ ಮಾಡೋಣ. ಮರುದಿನ ಯಾರ್ಡಿನಲ್ಲಿ, ‘ಬಜೆಟ್ಟನ್ನ ಕಾಲಕಾಲಕ್ಕೆ ಪರಿಷ್ಕರಿಸ್ಬೇಕು, ನಾನು ಮನೇಲಿ ನಿನ್ನೆ ತಾನೇ ಮಾಡಿದೆ’ ಎಂದು ಲಾರಿ ಚಾಲಕರಿಗೆ ಉಪದೇಶ ಮಾಡಿದನಂತೆ. ಮಾಡಲಿ. ಅವಳ ಬಾಯಿಗೆ ಇಡೀ ಮಾತ್ರೆ ಹೋಗುತ್ತಿದೆ. ಬೆಳಿಗ್ಗೆ ಎರಡೂ ಕೈ ಎತ್ತಿ ನೋಡಿಕೊಳ್ಳುವ ಅಭ್ಯಾಸ ಮಾತ್ರ ಅವಳಿಗೆ ಇನ್ನೂ ಹೋಗಿಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಖರ್ಚು ಪ್ರತಿ ತಿಂಗಳೂ ಸರಿಹೋಗುತ್ತಿದ್ದರೆ ಹೆಮ್ಮೆಪಡುವ ಮೊದಲು ಅನುಮಾನಪಡಿ. ಇವತ್ತು ಊಟಕ್ಕೆ ಕೂತಾಗ, ಬಡಿಸುತ್ತಿರುವವಳನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿ ಕೇಳಿ: ನೀನು ಏನನ್ನು ಅರ್ಧ ಮಾಡಿಕೊಂಡಿದ್ದೀಯ? ‘ಏನೂ ಇಲ್ಲ’ ಎನ್ನುತ್ತಾಳೆ. ಮತ್ತೆ ಕೇಳಿ. ನಿಜವಾದ ಉತ್ತರ ಬರುವವರೆಗೆ ತಟ್ಟೆಗೆ ಕೈ ಹಾಕಬೇಡಿ.